ಮೇಡಂ ತಿದ್ದಿಕೊಟ್ಟ ದೂರು

ಎಡಗೆನ್ನೆಯ ಮೇಲೆ, ಕಿವಿಯಿಂದ ಎರಡು ಬೆರಳು ಈಚೆಗೆ, ಹುಣಸೆಬೀಜದಷ್ಟು ಅಗಲದ ಒಂದು ಕಪ್ಪು ಕಲೆ. ಅಲ್ಲಿಂದ ದವಡೆಯವರೆಗೆ ತೆಳುವಾದ ಗೆರೆಯೊಂದು ಇಳಿದಿತ್ತು, ಏನೋ ಹರಿದು ಅರ್ಧದಲ್ಲೇ ಆರಿಹೋದ ಹಾಗೆ. ದ್ವಿತೀಯ ಪಿಯುಸಿಯ ಮೊದಲ ಇಂಗ್ಲಿಷ್ ಕ್ಲಾಸಿಗೆ ಅವರು ಬಂದು ನಿಂತಾಗ ನಾವು ಐವತ್ತಮೂರು ಜನ ನೋಡಿದ್ದು ಅದನ್ನೇ. ಅವರು ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ತೆರೆಯದೆ, ನಮ್ಮನ್ನು ನೋಡಿದರು.

“ಎಲ್ಲರೂ ಕೆನ್ನೇನೇ ನೋಡ್ತಿದೀರ. ಏನಾಗಿದ್ದು ಅಂತ ಕೇಳ್ಬಾರ್ದಾ?”

ಹಿಂದಿನ ಬೆಂಚಿನಿಂದ ಒಬ್ಬ, “ಬೆಂಕಿ ತಗಲಿದ್ದಾ ಮೇಡಂ?” ಅಂದ.

“ಬೆಂಕಿ ಅಲ್ಲ, ಮಾವಿನಕಾಯಿ ಸೊನೆ. ಹೇಗೆ ಅಂತ ಕೇಳು.”

“ಹೇಗೆ ಮೇಡಂ?”

ಅವರು ಹೇಳಿದರು. ಗೌನಿಪಲ್ಲಿಯ ಹತ್ತಿರ ಅವರ ಅಪ್ಪನ ತೋಟ. ಕಾಯಿಯನ್ನು ತೊಟ್ಟಿನ ಸಮೇತ ಕೊಯ್ದು ಇಳಿಸಬೇಕು. ಬೋರಲು ಹಿಡಿದು, ಮುಖ ಆಚೆ ತಿರುಗಿಸಿ ತೊಟ್ಟು ಮುರಿಯಬೇಕು. ಸೊನೆಯೆಲ್ಲ ನೆಲಕ್ಕೆ ಸುರಿಯುವ ತನಕ ಹಾಗೇ ಇಡಬೇಕು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವರು ಮುಖ ತಿರುಗಿಸುವುದನ್ನು ಮರೆತಿದ್ದರು. ನಮ್ಮಲ್ಲಿ ಅರ್ಧ ಜನಕ್ಕೆ ಇದೆಲ್ಲ ಗೊತ್ತಿದ್ದದ್ದೇ, ಆದರೂ ಕಿವಿಗೊಟ್ಟು ಕೇಳಿದೆವು. ಮುಗಿದ ಮೇಲೆ ಅವರು ಅದನ್ನೇ ಐದು ಇಂಗ್ಲಿಷ್ ವಾಕ್ಯಗಳಲ್ಲಿ ಬೋರ್ಡಿನ ಮೇಲೆ ಬರೆದರು.

“ಒಂದು ಕೆಲಸ ಹೇಗೆ ಮಾಡ್ತಾರೆ ವಿವರಿಸಿ ಅಂತ ಪರೀಕ್ಷೆಲಿ ಕೇಳ್ತಾರೆ. ನಾಲ್ಕು ಮಾರ್ಕು. ಈಗ ನೀವು ಓದಿದ್ದು ಅದನ್ನೇ,” ಎಂದು ಹಾಜರಿ ಪುಸ್ತಕ ತೆರೆದರು.

ನಾನು ಈಗ ಕೋಲಾರದಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಬೇರೆಯವರು ಬರೆದ ವರದಿಗಳನ್ನು ತಿದ್ದುವುದು ನನ್ನ ಕೆಲಸ. ಇದನ್ನು ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ನಾನು ಪತ್ರಿಕೋದ್ಯಮದ ಡಿಗ್ರಿಯ ಮಾತು ಎತ್ತುವುದಿಲ್ಲ. ರಾಯಲ್ಪಾಡಿನ ಕಡೆಯ ಒಂದು ಪಿಯು ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಅತಿಥಿ ಉಪನ್ಯಾಸಕಿಯ ವಿಷಯ ಹೇಳುತ್ತೇನೆ. ನಾವು ಅವರನ್ನು ಕರೆಯುತ್ತಿದ್ದದ್ದು ಇಂಗ್ಲಿಷ್ ಮೇಡಂ ಎಂದು. ಇಲ್ಲಿಯೂ ಅಷ್ಟೇ ಸಾಕು.

ನಮ್ಮ ಕಡೆ ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಎರಡೂ, ಕ್ಲಾಸಿನಲ್ಲಿ ಕನ್ನಡ. ಇಂಗ್ಲಿಷ್ ಇದ್ದದ್ದು ಪುಸ್ತಕದಲ್ಲಿ ಮತ್ತು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ. ಆ ಪತ್ರಿಕೆಯಲ್ಲಿ ಪಾಠದ ಪ್ರಶ್ನೆ, ಪದ್ಯದ ಪ್ರಶ್ನೆ, ಮೊದಲ ಸಲ ನೋಡುವ ಒಂದು ಬರಹವನ್ನು ಓದಿ ಉತ್ತರಿಸುವ ಪ್ರಶ್ನೆ, ಅರ್ಧ ಬಿಟ್ಟ ಸಂಭಾಷಣೆ ತುಂಬುವುದು, ಟಿಪ್ಪಣಿ, ಕೆಲಸಕ್ಕೆ ಅರ್ಜಿ, ವರದಿ ಇಷ್ಟೂ ಬರುತ್ತಿದ್ದವು. ಮೂವತ್ತೈದು ಬಂದರೆ ಪಾಸು. ಅದಕ್ಕೆ ನಮ್ಮ ಬಳಿ ಇದ್ದ ದಾರಿ ಗೈಡು. ಹಿಂದಿನ ವರ್ಷದವರು ಗೆರೆ ಎಳೆದು, ‘ಇದು ಬರುತ್ತೆ’ ಎಂದು ಅಂಚಿನಲ್ಲಿ ಬರೆದು ಬಿಟ್ಟುಹೋದ ಗೈಡುಗಳು ಊರಿಂದೂರಿಗೆ ಓಡಾಡುತ್ತಿದ್ದವು. ನಾವು ಅವನ್ನು ಬಾಯಿಪಾಠ ಮಾಡುತ್ತಿದ್ದೆವು. ಅರ್ಥ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಉತ್ತರದ ಯಾವ ಶಬ್ದದಲ್ಲಿ ಪುಟ ತಿರುಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಪ್ರಥಮ ಪಿಯುಸಿಯಲ್ಲಿ ನನಗೆ ಹೀಗೆಯೇ ಎಪ್ಪತ್ತನಾಲ್ಕು ಬಂದಿತ್ತು.

ಮೇಡಂ ಮೊದಲ ಕಿರುಪರೀಕ್ಷೆಗೆ ಕೆಲಸದ ಅರ್ಜಿಯನ್ನು ಕೊಟ್ಟರು. ಮರುದಿನ ಉತ್ತರದ ಕಟ್ಟನ್ನು ಹಿಡಿದುಕೊಂಡು ಬಂದರು. ಮುಖದಲ್ಲಿ ಕೋಪವಿರಲಿಲ್ಲ. ಅದರಿಂದಲೇ ನಮಗೆ ಭಯವಾಯಿತು.

“ಇಲ್ಲಿ ಐವತ್ತೊಂದು ಅರ್ಜಿ ಇವೆ. ಐವತ್ತೊಂದು ಜನರ ಹೆಸರೂ ಸುರೇಶ್ ಕುಮಾರ್. ಹುಡುಗೀರೂ ಸುರೇಶ್ ಕುಮಾರೇ. ಎಲ್ಲರ ಊರೂ ಮೈಸೂರು, ಎಲ್ಲರಿಗೂ ಒಬ್ಬರೇ ಅಪ್ಪ, ಎಲ್ಲರಿಗೂ ಬ್ಯಾಂಕಲ್ಲಿ ಎರಡು ವರ್ಷ ಅನುಭವ. ಪಾಪ, ಒಂದೇ ಕೆಲಸಕ್ಕೆ ಐವತ್ತೊಂದು ಸಲ ಅರ್ಜಿ ಹಾಕಿದಾನೆ ಈ ಮನುಷ್ಯ. ಅಷ್ಟು ಕಷ್ಟ ಏನಿತ್ತೋ.”

ಕ್ಲಾಸು ನಕ್ಕಿತು. ಕ್ಲಾಸ್ ಲೀಡರ್ ಎದ್ದು, “ಇನ್ನಿಬ್ಬರು ಮೇಡಂ?” ಅಂದ.

“ಇನ್ನಿಬ್ಬರು ಆಬ್ಸೆಂಟು. ಬಂದಿದ್ರೆ ಅವರೂ ಸುರೇಶ್ ಕುಮಾರೇ. ಕೂತ್ಕೋ.” ನನ್ನ ಕಡೆ ತಿರುಗಿದರು. “ಏನಮ್ಮ, ನಿಂಗೆ ಏನು ಕೆಲಸ ಗೊತ್ತು?”

“ಏನೂ ಗೊತ್ತಿಲ್ಲ ಮೇಡಂ.”

“ಬೆಳಗ್ಗೆ ಎದ್ದು ಏನು ಮಾಡಿ ಬಂದೆ?”

“ಟೊಮೆಟೊ ಬಿಡಿಸ್ದೆ. ಸೈಜು ಮಾಡಿ ಕ್ರೇಟಿಗೆ ತುಂಬ್ದೆ.”

“ಎಷ್ಟು ಸೈಜು?”

“ಮೂರು.”

“ಯಾವುದು ಯಾವ ಸೈಜು ಅಂತ ಹೇಗೆ ಗೊತ್ತಾಗುತ್ತೆ?”

“ಕೈಗೆ ಗೊತ್ತಾಗುತ್ತೆ ಮೇಡಂ.”

“ಎಷ್ಟು ವರ್ಷದಿಂದ?”

“ಆರನೇ ಕ್ಲಾಸಿಂದ.”

“ಸುರೇಶ್ ಕುಮಾರನಿಗೆ ಎರಡು ವರ್ಷ, ನಿಂಗೆ ಆರು ವರ್ಷ. ಬರಿ ಅದನ್ನ.”

ಆ ದಿನದಿಂದ ಗೈಡು ಮನೆಯಲ್ಲಿರಬೇಕು ಎಂದಾಯಿತು. ಅದರ ಬದಲಿಗೆ ಅವರು ಒಂದು ಪದ್ಧತಿ ತಂದರು. ಯಾವುದನ್ನಾದರೂ ಇಂಗ್ಲಿಷಿನಲ್ಲಿ ಬರೆಯುವ ಮೊದಲು ಅದನ್ನು ಅದರ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ನಮ್ಮ ಭಾಷೆಯಲ್ಲಿ ಹೇಳಬೇಕು. ಅವರು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಬರಹದಲ್ಲಿ ಬರಬೇಕು. ಕೇಳುವವರನ್ನು ಮೇಡಂ ಹುಡುಕಿ ಇಟ್ಟಿದ್ದರು. ಗೇಟಿನ ಹೊರಗೆ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ ಅಜ್ಜಿಯನ್ನು ವಾರಕ್ಕೊಂದು ದಿನ ಒಳಗೆ ಕರೆತಂದು ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದರು. ಅಜ್ಜಿಗೆ ತೆಲುಗು ಬಿಟ್ಟು ಬೇರೆ ಬಾರದು, ಓದು ಬರಹವಿಲ್ಲ. ಕುಕ್ಕೆಯನ್ನು ಕಾಲ ಬಳಿ ಇಟ್ಟುಕೊಂಡು, ಸೆರಗನ್ನು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಕೇಳುತ್ತಿದ್ದಳು.

ಒಮ್ಮೆ ಕ್ಲಾಸ್ ಲೀಡರ್ ವರದಿಯ ಅಭ್ಯಾಸಕ್ಕೆಂದು ಪಕ್ಕದೂರಿನ ಕೆರೆಯಲ್ಲಿ ಚಿರತೆ ನೀರು ಕುಡಿಯಲು ಬಂದಿದ್ದನ್ನು ಹೇಳಿದ. ಕೈಯಾಡಿಸಿ ಚೆನ್ನಾಗಿಯೇ ಹೇಳಿದ. ಅಜ್ಜಿ ಪೂರ್ತಿ ಕೇಳಿ, “ಎವರು ಚೆಪ್ಪಿನಾರು?” ಅಂದಳು. ಯಾರು ಹೇಳಿದ್ದು?

“ಅಂದರೂ ಚೆಪ್ತುನ್ನಾರು ಅವ್ವಾ.” ಎಲ್ಲರೂ ಹೇಳ್ತಿದಾರೆ.

“ನುವ್ವು ಚೂಸಿನಾವಾ?” ನೀನು ನೋಡಿದೆಯಾ?

“ಲೇದು.” ಇಲ್ಲ.

ಅಜ್ಜಿ ಮೇಡಂ ಕಡೆ ತಿರುಗಿ, ಚಿರತೆ ಬಂದಿಲ್ಲ, ಇವನಿಗೆ ಏನೂ ಗೊತ್ತಿಲ್ಲ ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟು ಕಡಲೆಕಾಯಿ ಕುಕ್ಕೆ ಎತ್ತಿಕೊಂಡಳು. ಅವನಿಗೆ ಇಡೀ ವರ್ಷ ಚಿರತೆ ಎಂಬ ಹೆಸರೇ ನಿಂತಿತು.

ಮೇಡಂ ವಾಚನ್ನು ಮುಂಗೈಯ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಯಾರಾದರೂ ತಪ್ಪು ಹೇಳುವಾಗ ಮಧ್ಯೆ ತಡೆಯುತ್ತಿರಲಿಲ್ಲ, ಪೂರ್ತಿ ಮುಗಿದ ಮೇಲೆ “ಈಗ ಇನ್ನೊಂದ್ಸಲ” ಎನ್ನುತ್ತಿದ್ದರು. ಕೋಪ ಬಂದರೆ ತೆಲುಗಿಗೆ ಇಳಿಯುತ್ತಿದ್ದರು, ಆ ಕೋಪ ಚುರುಕಾಗಿಯೇ ಇರುತ್ತಿತ್ತು. ಅವರಲ್ಲಿ ದೋಷವೂ ಇತ್ತು. ಒಂದು ವಿಷಯ ಹಿಡಿದರೆ ಬಿಡುತ್ತಿರಲಿಲ್ಲ. ಎರಡು ದಿನದ ಪಾಠಕ್ಕೆ ಎಂಟು ದಿನ ಹಿಡಿಯುತ್ತಿತ್ತು. ಪಕ್ಕದ ಕಾಲೇಜಿನವರು ಪದ್ಯಗಳನ್ನೆಲ್ಲ ಮುಗಿಸಿ ಮೊದಲಿಂದ ಓದಲು ಶುರುಮಾಡಿದಾಗ ನಮ್ಮಲ್ಲಿ ಅರ್ಧ ಪದ್ಯಗಳು ಉಳಿದಿದ್ದವು.

ಹೀಗಿರುವಾಗ ಮಧ್ಯವಾರ್ಷಿಕ ಪರೀಕ್ಷೆ ಬಂತು. ಗೈಡಿನಿಂದ ಬರೆಯಬಾರದು, ಸ್ವಂತವಾಗಿ ಬರೆಯಲು ಇನ್ನೂ ಬಾರದು. ಅರ್ಧಕ್ಕಿಂತ ಹೆಚ್ಚು ಜನ ಫೇಲಾದೆವು. ನನಗೆ ಮೂವತ್ತೊಂದು ಬಂತು. ಅದುವರೆಗೆ ನಾನು ಯಾವ ವಿಷಯದಲ್ಲೂ ಫೇಲಾಗಿರಲಿಲ್ಲ. ಪತ್ರಿಕೆಯನ್ನು ಮನೆಯಲ್ಲಿ ತೋರಿಸದೆ ಎರಡು ದಿನ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ.

ಮೂರನೇ ದಿನ ಕ್ಲಾಸ್ ಲೀಡರ್ ನನ್ನ ಬೆಂಚಿನ ಹತ್ತಿರ ಬಂದ. “ಪ್ರಿನ್ಸಿಪಾಲ್‌ಗೆ ಕಂಪ್ಲೇಂಟ್ ಕೊಡೋಣ. ನೀನು ಬರಿ, ನಿನ್ನ ಅಕ್ಷರ ಚೆನ್ನಾಗಿದೆ.”

“ನೀನೇ ಬರ್ಕೋ.”

“ಏಯ್, ಇಂಗ್ಲಿಷಲ್ಲಿ ಬರೀಬೇಕು ಕಣೇ. ಕನ್ನಡದಲ್ಲಿ ಕೊಟ್ರೆ ಯಾರು ಬೆಲೆ ಕೊಡ್ತಾರೆ?”

ಇಂಗ್ಲಿಷ್ ಕಲಿಸುತ್ತಿಲ್ಲ ಎಂಬ ದೂರನ್ನು ಇಂಗ್ಲಿಷಿನಲ್ಲೇ ಬರೆಯಬೇಕು ಎಂಬುದರಲ್ಲಿ ನಮಗೆ ವಿಚಿತ್ರ ಏನೂ ಕಾಣಲಿಲ್ಲ. ಊಟದ ಬಿಡುವಿನಲ್ಲಿ ಕುಳಿತು ನಾನು ಬರೆದೆ. ಹದಿಮೂರು ಸಾಲು. ಮೇಡಂ ನೋಟ್ಸ್ ಕೊಡುವುದಿಲ್ಲ. ಗೈಡ್ ತರಲು ಬಿಡುವುದಿಲ್ಲ. ಹೊರಗಿನವರನ್ನು ಕ್ಲಾಸಿಗೆ ಕರೆತರುತ್ತಾರೆ. ಮಧ್ಯವಾರ್ಷಿಕದಲ್ಲಿ ಇಷ್ಟು ಜನ ಫೇಲಾಗಿದ್ದೇವೆ. ಇಷ್ಟು ಬರೆದ ಮೇಲೆ ಸಾಲದು ಅನ್ನಿಸಿತು. ಒಂದು ಸಾಲು ಸೇರಿಸಿದೆ: ಅವರು ಪದ್ಯಗಳನ್ನು ಪಾಠವೇ ಮಾಡಿಲ್ಲ. ಐವತ್ತು ಜನ ಸಹಿ ಹಾಕಿದರು.

ಕಾಗದ ಕೊಟ್ಟ ದಿನವೇ ಪ್ರಿನ್ಸಿಪಾಲರು ನಮ್ಮಿಬ್ಬರನ್ನು ಕರೆಸಿದರು. ಮಿತಭಾಷಿ ಮನುಷ್ಯ. ಕಾಗದ ಓದಿ ಮಡಚಿ ಮೇಜಿನ ಮೇಲಿಟ್ಟು ಹೇಳಿದರು.

“ಅತಿಥಿ ಉಪನ್ಯಾಸಕರ ಕೆಲಸ ವರ್ಷ ವರ್ಷಕ್ಕೆ. ಮಾರ್ಚಿಗೆ ಮುಗಿಯುತ್ತೆ, ಜೂನಲ್ಲಿ ಮತ್ತೆ ಸಮಿತಿ ಕೂತು ತಗೋಬೇಕು. ಫೈಲಲ್ಲಿ ಈ ಕಾಗದ ಇದ್ರೆ ಅವರನ್ನ ತಗೊಳ್ಳೋದು ಕಷ್ಟ. ಗೊತ್ತಿದ್ದೇ ಬರೆದ್ರಾ?”

ನಮಗೆ ಗೊತ್ತಿರಲಿಲ್ಲ. ಮೇಡಂ ಕೆಲಸ ಹಾಗೆ ನಿಂತಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಪ್ರಿನ್ಸಿಪಾಲರು ಮೇಡಂ ಅವರಿಂದ ವಿವರಣೆ ಕೇಳುವುದಾಗಿ ಹೇಳಿ ನಮ್ಮನ್ನು ಕಳಿಸಿದರು.

ಮರುದಿನ ಮೇಡಂ ಕ್ಲಾಸಿಗೆ ಬಂದು, ಕೈಯಲ್ಲಿದ್ದ ಕಾಗದವನ್ನು ನೋಡಿಕೊಂಡು, ಹದಿನಾಲ್ಕು ಸಾಲನ್ನೂ ಬೋರ್ಡಿನ ಮೇಲೆ ಬರೆದರು. ಚಾಕ್‌ಪೀಸು ಎರಡು ಸಲ ಮುರಿಯಿತು. ಅಕ್ಷರ ಮಾತ್ರ ನೆಟ್ಟಗಿತ್ತು.

“ಯಾರು ಬರೆದಿದ್ದು ಅಂತ ಕೇಳಲ್ಲ. ಐವತ್ತು ಸಹಿ ಇವೆ, ಐವತ್ತು ಜನಾನೂ ಬರೆದ ಹಾಗೇ. ಇದು ಯಾವ ಗೈಡಲ್ಲಿದೆ?”

ಚಾಕ್‌ಪೀಸಿನಿಂದ ಬೋರ್ಡು ತಟ್ಟಿದರು. “ಹೇಳ್ರೋ. ಯಾವ ಗೈಡು, ಎಷ್ಟನೇ ಪುಟ?”

“ಗೈಡಲ್ಲಿ ಇಲ್ಲ ಮೇಡಂ,” ಎಂದ ಚಿರತೆ.

“ನಾನೂ ಹುಡುಕ್ದೆ, ಸಿಗಲಿಲ್ಲ. ಹಂಗಾದ್ರೆ ನೀವೇ ಬರೆದಿದ್ದು. ಈ ವರ್ಷ ಈ ಕ್ಲಾಸು ಬರೆದ ಮೊದಲನೇ ಕಾಗದ ಇದು.” ಅದು ಚುಚ್ಚುಮಾತೋ ಅಲ್ಲವೋ ಎಂದು ನಾನು ಅವರ ಮುಖ ನೋಡಿದೆ. ಚುಚ್ಚುಮಾತು ಎನ್ನಿಸಲಿಲ್ಲ. ಕಣ್ಣುಗಳು ಕೆಂಪಾಗಿದ್ದವು. ಅಷ್ಟನ್ನು ನಾನು ನೋಡಿದ್ದೇನೆ, ಕಾರಣ ಏನೆಂದು ಹೇಳಲಾರೆ.

ಅವರು ಒಂದೊಂದೇ ಸಾಲನ್ನು ಹಿಡಿದರು. “ನೋಟ್ಸ್ ಕೊಡಲ್ಲ. ನಿಜ, ಕೊಡಲ್ಲ. ಇರಲಿ. ಗೈಡ್ ತರೋಕೆ ಬಿಡಲ್ಲ, ಇದೂ ನಿಜ. ಹೊರಗಿನವರನ್ನ ಕರ್ಕೊಂಡ್ ಬರ್ತಾರೆ. ಹೊರಗಿನವರು ಅಂದ್ರೆ ಯಾರು? ಓದೋರಿಗೆ ಪೊಲೀಸ್ನೋರೋ ಕಳ್ಳರೋ ಅನ್ಸುತ್ತೆ. ಕಡಲೆಕಾಯಿ ಮಾರೋ ಅಜ್ಜಿ ಅಂತ ಬರೀರಿ. ಇಷ್ಟು ಜನ ಫೇಲು, ಸಂಖ್ಯೆ ಸರಿಯಾಗಿದೆ. ಪದ್ಯ ಪಾಠವೇ ಮಾಡಿಲ್ಲ...” ಇಲ್ಲಿ ನಿಂತರು. “ಏನಮ್ಮ, ಎಷ್ಟು ಪದ್ಯ ಆಗಿದೆ?”

ನನ್ನನ್ನೇ ಕೇಳಿದ್ದು ಆಕಸ್ಮಿಕವಿರಬಹುದು. ನಾನು ಎದ್ದು ನಿಂತೆ. “ಅರ್ಧ ಆಗಿದೆ ಮೇಡಂ.”

“ಅರ್ಧ ಉಳಿದಿದೆ ಅಲ್ವಾ? ಹಾಗೇ ಬರಿ. ಮಾಡೇ ಇಲ್ಲ ಅಂದ್ರೆ ನಾನು ಒಂದು ನೋಟ್‌ಬುಕ್ ತೋರಿಸಿ ಸುಳ್ಳು ಅಂತೀನಿ, ನಿಮ್ಮ ಕಾಗದ ಅಲ್ಲಿಗೆ ಮುಗೀತು. ಅರ್ಧ ಉಳಿದಿದೆ, ಪರೀಕ್ಷೆಗೆ ಮೂರೂವರೆ ತಿಂಗಳಿದೆ ಅಂದ್ರೆ ನನ್ನ ಹತ್ರ ಉತ್ತರ ಇಲ್ಲ.”

ಬೋರ್ಡಿನ ಮೇಲೆ ಆ ಸಾಲನ್ನು ಅಳಿಸಿ, ನನ್ನ ಕೈಗೆ ಚಾಕ್‌ಪೀಸು ಕೊಟ್ಟರು. ನಾನು ಬರೆದೆ. ಎರಡು ಕಡೆ ತಪ್ಪಿತ್ತು, ಅವರು ತಿದ್ದಿದರು. ಆಮೇಲೆ, “ಇದನ್ನ ಚೆನ್ನಾಗಿರೋ ಹಾಳೇಲಿ ಬರೆದು, ಮತ್ತೆ ಸಹಿ ಹಾಕಿಸಿ, ಪ್ರಿನ್ಸಿಪಾಲ್‌ಗೆ ಕೊಡಿ. ಹಳೇದು ವಾಪಸ್ ತಗೊಳ್ಳಿ,” ಎಂದು ಆ ದಿನದ ಪಾಠ ಶುರುಮಾಡಿದರು.

ಪ್ರಿನ್ಸಿಪಾಲರು ಹೊಸ ಕಾಗದ ನೋಡಿ, “ಮತ್ತೊಂದು ದೂರಾ?” ಅಂದರು.

“ಅದೇ ದೂರು ಸಾರ್. ತಿದ್ದಿದ್ದು.”

“ಯಾರು ತಿದ್ದಿದ್ದು?”

“ಮೇಡಂ.”

“ಯಾವ ಮೇಡಂ?”

ಕ್ಲಾಸ್ ಲೀಡರ್ ನನ್ನ ಮುಖ ನೋಡಿದ. ನಾನು ಹೇಳಿದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಕಾಗದವನ್ನು ಇನ್ನೊಮ್ಮೆ ಓದಿದರು. ಫೈಲಿಗೆ ಹಾಕಿದರು.

ಮುಂದಿನ ಸೋಮವಾರದಿಂದ ಬೆಳಗ್ಗೆ ಎಂಟೂವರೆಗೆ ವಿಶೇಷ ತರಗತಿ ಎಂದು ನೋಟೀಸ್ ಬೋರ್ಡಿಗೆ ಬಂತು. ಅದಕ್ಕಾಗಿ ಮೇಡಂ ಗೌನಿಪಲ್ಲಿ ಕಡೆಯಿಂದ ಹೊರಡುವ ಮೊದಲ ಬಸ್ಸು ಹತ್ತುತ್ತಿದ್ದರು. ಟೊಮೆಟೊ ಬಿಡಿಸುವ ಕೆಲಸದಿಂದ ಕೆಲವರು ತಡವಾಗಿ ಬಂದರೆ ಕಾರಣ ಕೇಳುತ್ತಿರಲಿಲ್ಲ, ಒಳಗೆ ಕೂರಿಸುತ್ತಿದ್ದರು. ಉಳಿದ ಪದ್ಯಗಳನ್ನು ಜನವರಿ ಮುಗಿಯುವ ಹೊತ್ತಿಗೆ ಮುಗಿಸಿದರು. ದೂರಿನಲ್ಲಿ ಸರಿಯಿದ್ದ ಸಾಲನ್ನು ಅವರು ಸರಿಯೆಂದೇ ತೆಗೆದುಕೊಂಡಿದ್ದರು.

ಆ ಬೆಳಗಿನ ತರಗತಿಗಳಲ್ಲೇ ಒಂದು ದಿನ, ಚಿರತೆ “ನಮ್ಮ ಕೈಲಾಗಲ್ಲ ಮೇಡಂ, ನಿಮಗೆ ಇಂಗ್ಲಿಷ್ ಹುಟ್ಟಿದಾಗಿಂದ ಬರುತ್ತೆ,” ಎಂದು ಗೊಣಗಿದ.

“ಯಾವನೋ ಹೇಳಿದ್ದು? ನಾನು ಇದೇ ಪೇಪರಲ್ಲಿ ಎರಡು ಸಲ ಫೇಲು. ಮೂರನೇ ಸಲ ಪಾಸಾಗಿದ್ದು, ಅದೂ ಮೂವತ್ತೆಂಟು.”

“ಸುಳ್ಳು ಮೇಡಂ.”

“ಮಾರ್ಕ್ಸ್ ಕಾರ್ಡು ತರ್ತೀನಿ, ನೋಡ್ಕೋ.” ಮರುದಿನ ನಿಜವಾಗಿಯೂ ತಂದರು. ಪ್ಲಾಸ್ಟಿಕ್ ಕವರಿನಲ್ಲಿದ್ದ ಮೂರು ಕಾರ್ಡುಗಳು ಬೆಂಚಿನಿಂದ ಬೆಂಚಿಗೆ ಹೋದವು. ನಾವು ಒಬ್ಬೊಬ್ಬರೂ ಇಂಗ್ಲಿಷ್ ಎಂಬ ಸಾಲಿನ ಮೇಲೆ ಬೆರಳಿಟ್ಟು ನೋಡಿದೆವು. ಆಮೇಲೆ ಕೈಲಾಗಲ್ಲ ಎಂಬ ಮಾತು ಆ ಕೋಣೆಯಲ್ಲಿ ನಿಂತುಹೋಯಿತು.

ವಾರ್ಷಿಕ ಪರೀಕ್ಷೆಯಲ್ಲಿ ಕಾಲೇಜಿನ ಒಂದು ಸಮಾರಂಭದ ಬಗ್ಗೆ ವರದಿ ಕೇಳಿದ್ದರು. ನಮ್ಮಲ್ಲಿ ನಡೆದ ಒಂದೇ ಸಮಾರಂಭದಲ್ಲಿ ಅತಿಥಿಗಳು ಒಂದು ಗಂಟೆ ತಡವಾಗಿ ಬಂದಿದ್ದರು, ಮೈಕು ಕೆಟ್ಟಿತ್ತು. ಹಾಗೇ ಬರೆದೆ. ಅದಕ್ಕೆ ಎಷ್ಟು ಅಂಕ ಸಿಕ್ಕಿತೋ ಗೊತ್ತಿಲ್ಲ. ಒಟ್ಟು ನನಗೆ ಅರವತ್ತೆಂಟು ಬಂತು, ಗೈಡಿನ ಕಾಲಕ್ಕಿಂತ ಆರು ಕಡಿಮೆ. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಫೇಲಾದವರು ಏಳು ಜನ. ಹಿಂದಿನ ವರ್ಷ ಒಂಬತ್ತು ಇದ್ದರು.

ಜೂನ್ ಮೊದಲ ವಾರ ವರ್ಗಾವಣೆ ಪತ್ರ ತರಲು ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರು ಸಹಿ ಹಾಕಿ, ಕೈಗೆ ಕೊಡದೆ ಹಿಡಿದುಕೊಂಡರು.

“ಶನಿವಾರ ಸಮಿತಿ ಕೂರುತ್ತೆ. ಇಂಗ್ಲಿಷಿಗೆ ಎರಡು ಅರ್ಜಿ ಬಂದಿವೆ, ನಿಮ್ಮ ಮೇಡಂದು ಒಂದು, ಕೋಲಾರದವರದು ಒಂದು. ಅವರಿಗೆ ಸರ್ವೀಸ್ ಜಾಸ್ತಿ. ಮೇಲಾಗಿ ಇವರ ಫೈಲಲ್ಲಿ ನಿಮ್ಮ ಕಾಗದ ಇದೆ. ಅದಾದ ಮೇಲೆ ಏನಾಯ್ತು ಅಂತ ಯಾವ ಕಾಗದಾನೂ ಇಲ್ಲ. ಅದನ್ನ ಮುಚ್ಚಿಟ್ಟು ನಾನು ಸಮಿತಿ ಮುಂದೆ ಹೋಗಲ್ಲ.”

“ವಾಪಸ್ ತಗೋತೀವಿ ಸಾರ್. ಈಗಲೇ ಬರ್ಕೊಡ್ತೀನಿ.”

“ಅವರನ್ನ ಒಂದ್ಮಾತು ಕೇಳು. ಅಲ್ಲೇ ಇದ್ದಾರೆ.”

ಮೇಡಂ ಖಾಲಿ ಕ್ಲಾಸಿನಲ್ಲಿ ಕಿಟಕಿಯ ಬಳಿ ಕುಳಿತು ಏನೋ ತಿದ್ದುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಪೆನ್ನು ಮುಚ್ಚಿಟ್ಟರು.

“ಅದರಲ್ಲಿ ಈಗ ಸುಳ್ಳು ಏನಾದ್ರೂ ಇದೆಯಾ?”

“ಇಲ್ಲ ಮೇಡಂ. ನೀವೇ ತೆಗೆಸಿದ್ರಲ್ಲ.”

“ಮತ್ತೆ ಯಾವುದನ್ನ ವಾಪಸ್ ತಗೋತೀಯ? ಆಗ ನಿಜ ಇತ್ತು, ಈಗಲೂ ನಿಜಾನೇ. ಬೇಕಿದ್ರೆ ಆಮೇಲೆ ಏನೇನಾಯ್ತು ಅಂತ ಇನ್ನೊಂದು ಹಾಳೆ ಬರಿ. ನನ್ನನ್ನ ಹೊಗಳಬೇಡ, ಏನಾಯ್ತೋ ಅಷ್ಟೇ. ನಾನು ನೋಡಲ್ಲ, ತಿದ್ದೋದೂ ಇಲ್ಲ.”

“ಇದರಿಂದ ನಿಮ್ಮ ಕೆಲಸ ಹೋದ್ರೆ ಮೇಡಂ?”

“ಹೋದ್ರೆ ಬೇರೆ ಕಡೆ ಹುಡುಕ್ತೀನಿ. ನಾನೂ ಒಂದು ಅರ್ಜಿ ಬರೀಬಲ್ಲೆ ಕಣೇ, ಸುರೇಶ್ ಕುಮಾರ್ ಅಲ್ಲದೆ.” ನಕ್ಕರು. ಆದರೆ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಆ ಕೆಲಸ ಅವರಿಗೆ ಬೇಕಿತ್ತು.

ಬರೆಯಲು ಕುಳಿತಾಗ ಜನವರಿಯ ನಂತರದ್ದು ನನಗೆ ಹೆಚ್ಚು ಗೊತ್ತಿಲ್ಲ ಎಂದು ತಿಳಿಯಿತು. ಫೇಲಾದ ಏಳು ಜನರ ಊರುಗಳಿಗೆ ಅಣ್ಣನ ಸೈಕಲ್ಲಿನಲ್ಲಿ ಹೋದೆ. ಎರಡು ದಿನ ಹಿಡಿಯಿತು. ಮೊದಲ ಮನೆಯಲ್ಲೇ ಗೊತ್ತಾಯಿತು: ಫಲಿತಾಂಶ ಬಂದ ಮೇಲೆ, ಕೆಲಸವೇ ಇಲ್ಲದ ತಿಂಗಳಲ್ಲಿ, ಅದೂ ತಮ್ಮ ಅಪ್ಪನ ತೋಟದಲ್ಲಿ ಕಾಯಿ ಇಳಿಸುವ ಗಡಿಬಿಡಿಯ ದಿನಗಳಲ್ಲಿ, ಮೇಡಂ ಪೂರಕ ಪರೀಕ್ಷೆಗೆ ಓದಿಸಲು ಬಂದಿದ್ದರು. ಕಾಲೇಜಿಗೆ ರಜೆಯಾದ್ದರಿಂದ ಕಾಲೇಜಿನ ಹತ್ತಿರದ ದೇವಸ್ಥಾನದ ಜಗಲಿಯಲ್ಲಿ ಪಾಠ. ಎಷ್ಟು ದಿನ ಎಂದು ಕೇಳಿದರೆ ಒಬ್ಬ ಹತ್ತು ಅಂದ, ಒಬ್ಬಳು ಇಪ್ಪತ್ತು ಅಂದಳು. ನಾನು ನೋಟ್‌ಬುಕ್ ತರಿಸಿ ತಾರೀಕುಗಳನ್ನು ಎಣಿಸಿದೆ. ಹದಿನಾಲ್ಕು ದಿನ.

ಹಾಳೆಯಲ್ಲಿ ಬರೆದದ್ದು ಇಷ್ಟು. ದೂರು ಕೊಟ್ಟ ಮೇಲೆ ಬೆಳಗಿನ ತರಗತಿ ಶುರುವಾಯಿತು. ಉಳಿದ ಪದ್ಯಗಳು ಮುಗಿದವು. ಐವತ್ತಮೂರರಲ್ಲಿ ನಲವತ್ತಾರು ಜನ ಪಾಸಾದೆವು. ಉಳಿದ ಏಳು ಜನಕ್ಕೆ ಅವರು ನೇಮಕವಿಲ್ಲದ ಸಮಯದಲ್ಲಿ ಹದಿನಾಲ್ಕು ದಿನ ಪಾಠ ಮಾಡಿದರು, ಇದನ್ನು ಆ ಏಳು ಜನರ ನೋಟ್‌ಬುಕ್ ನೋಡಿ ಬರೆದಿದ್ದೇನೆ. ಪೂರಕ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಮೊದಲ ದೂರನ್ನು ಬರೆದವಳು ನಾನೇ. ಹೆಸರು, ಸಹಿ. ಪರೀಕ್ಷೆ ಬಿಟ್ಟರೆ, ಯಾರಿಗೂ ತೋರಿಸದೆ ಒಂದು ಹಾಳೆ ಇಂಗ್ಲಿಷ್ ಬರೆದದ್ದು ಅದೇ ಮೊದಲು.

ಶನಿವಾರ ಸಮಿತಿಯ ಕೋಣೆಯೊಳಗೆ ನಾನಿರಲಿಲ್ಲ. ಅಲ್ಲಿ ನಡೆದದ್ದನ್ನು ಪ್ರಿನ್ಸಿಪಾಲರು ಆಮೇಲೆ ಹೇಳಿದ್ದು. ಸಮಿತಿಯ ಅಧ್ಯಕ್ಷರು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವರು, ಇಂಗ್ಲಿಷ್ ಓದುವವರಲ್ಲ. ಎರಡೂ ಕಾಗದಗಳನ್ನು ಪ್ರಿನ್ಸಿಪಾಲರಿಂದ ಕನ್ನಡದಲ್ಲಿ ಹೇಳಿಸಿಕೊಂಡು ಕೇಳಿದರಂತೆ:

“ಮೊದಲು ಬೈದು ಬರೆದೋಳೇ ಇದನ್ನೂ ಬರೆದಿದ್ದಾ?”

“ಹೌದು.”

“ಇಷ್ಟು ಇಂಗ್ಲೀಷು ಆ ಹುಡ್ಗೀಗೆ ಕಲ್ಸಿದ್ಯಾರು?”

“ಯಾರನ್ನ ಬೈದಿದಾಳೋ ಅವರೇ.”

ಅಧ್ಯಕ್ಷರು ಸಹಿಗೆಂದು ಪೆನ್ನು ತೆಗೆದು, “ಇನ್ನೇನ್ ನೋಡೋದು ಸಾರ್, ಎಲ್ಲಿ ಸಂತಕ ಹಾಕ್ಬೇಕು ಹೇಳಿ,” ಎಂದರಂತೆ.

ಮೇಡಂ ಆ ಕಾಲೇಜಿನಲ್ಲಿ ಇನ್ನೂ ನಾಲ್ಕು ವರ್ಷ ಇದ್ದರು. ಪೂರಕ ಪರೀಕ್ಷೆಯಲ್ಲಿ ಏಳು ಜನರಲ್ಲಿ ಐವರು ಪಾಸಾದರು. ಆಮೇಲೆ ಮೇಡಂ ಸ್ಪರ್ಧಾ ಪರೀಕ್ಷೆ ಬರೆದು ಕಾಯಂ ಉಪನ್ಯಾಸಕಿಯಾಗಿ ಮುಳಬಾಗಿಲಿನ ಕಡೆಗೆ ಹೋದರು. ಈಗಲೂ ಅಲ್ಲೇ ದ್ವಿತೀಯ ಪಿಯುಸಿಗೆ ಕಲಿಸುತ್ತಿದ್ದಾರೆ.

ಆ ವರ್ಷ ನಾನು ಕೋಲಾರದಲ್ಲಿ ಡಿಗ್ರಿಗೆ ಸೇರಿದೆ. ಮೊದಲ ದಿನ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮೇಡಂ ಗೌನಿಪಲ್ಲಿ ಬಸ್ಸಿನಿಂದ ಇಳಿದರು. ಹೊಸ ತಂಡಕ್ಕೆ ಅವರದೂ ಅದೇ ಮೊದಲ ಕ್ಲಾಸು. ನಾನು ಬರೆದ ಹಾಳೆಯ ಬಗ್ಗೆ ಅವರು ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಬಸ್ಸು ಬಂತು.

“ಎಲ್ಲಾ ಇಂಗ್ಲಿಷಲ್ಲೇ ಇರುತ್ತಂತೆ ಮೇಡಂ, ಅಲ್ಲಿ. ಭಯ ಆಗ್ತಿದೆ.”

“ಆಗಲಿ. ಹೋಗಿ ಕೂತು ಕೇಳು. ಸಾಯಂಕಾಲ ಐದೂಕಾಲರ ಬಸ್ಸಿಗೆ ನಾನು ಇಲ್ಲೇ ಇರ್ತೀನಿ. ಏನೇನು ನೋಡಿದೆ, ಬಂದು ಹೇಳು.”

ಸಾಯಂಕಾಲ ಬಂದು ಹೇಳಿದೆ. ಮಾರನೆಯ ದಿನವೂ ಹೇಳಿದೆ. ಅವರು ಮುಳಬಾಗಿಲಿಗೆ ಹೋದ ಮೇಲೆ ಫೋನಿನಲ್ಲಿ ಹೇಳಿದೆ. ಕೆಲಸಕ್ಕೆ ಸೇರಿದ ಮೇಲೂ, ದೊಡ್ಡ ಸುದ್ದಿಯೊಂದನ್ನು ಬರೆಯಲು ಕುಳಿತು ದಾರಿ ಕಾಣದಿದ್ದರೆ, ಮೊದಲು ಅವರಿಗೆ ಫೋನ್ ಮಾಡಿ ಬಾಯಲ್ಲಿ ಹೇಳುತ್ತೇನೆ. ಅವರು ಮಧ್ಯೆ ತಡೆಯದೆ ಪೂರ್ತಿ ಕೇಳಿಸಿಕೊಳ್ಳುತ್ತಾರೆ.